ಅಟ್ಟದ ಮೇಲಿನ ಸಾಮಾನನ್ನು ಆನ್‌ಲೈನ್‌ನಲ್ಲಿ ಮಾರುವುದು ಹೇಗೆ? ಮೊದಲ ಸಲ ಮಾರುವವರಿಗೆ

"ಮನೇಲಿ ಹಳೇ ಸಾಮಾನು ಬಿದ್ದಿದೆ, ಫೋನಿನಲ್ಲಿ ಹಾಕಿದ್ರೆ ಏನಾದ್ರೂ ಸಿಗುತ್ತಾ? ಮೋಸ ಹೋಗಲ್ವಾ?" ಈ ಎರಡು ಪ್ರಶ್ನೆ ನನಗೆ ಯಾವಾಗಲೂ ಜೊತೆಯಾಗಿಯೇ ಬರುತ್ತವೆ. ಕೇಳುವವರಲ್ಲಿ ಗೃಹಿಣಿಯರಿದ್ದಾರೆ, ನಿವೃತ್ತರಿದ್ದಾರೆ, ಪಿಜಿಯಲ್ಲಿರುವ ವಿದ್ಯಾರ್ಥಿಗಳಿದ್ದಾರೆ. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುತ್ತಾ ಬಂದದ್ದನ್ನು ಇಲ್ಲಿ ಒಂದೇ ಕಡೆ ಬರೆಯುತ್ತಿದ್ದೇನೆ.

ದುಡ್ಡು ಸಿಗುತ್ತದೆ. ಆದರೆ ಸಂಬಳದ ಹಾಗೆ ತಿಂಗಳು ತಿಂಗಳು ನೆಚ್ಚಿಕೊಳ್ಳುವಂಥದ್ದಲ್ಲ. ಮೊದಲ ಎರಡು ಮೂರು ತಿಂಗಳು ನಿಮ್ಮ ಮನೆಯ ಸಾಮಾನನ್ನಷ್ಟೇ ಮಾರಿ. ಬಂಡವಾಳ ಹಾಕಿ ಕೊಂಡು ಮಾರುವ ಯೋಚನೆ ಆಮೇಲೆ. ಮನೆಯ ವಸ್ತು ಮಾರುವಾಗ ತಪ್ಪಾದರೆ ನಷ್ಟ ಚಿಕ್ಕದು, ಕಲಿಯುವುದು ದೊಡ್ಡದು.

ಶುರುಮಾಡಲು ಬೇಕಾದ್ದು: ಕ್ಯಾಮೆರಾ ಚೆನ್ನಾಗಿರುವ ಫೋನು, ಅಳತೆ ಟೇಪು, ಒರೆಸುವ ಬಟ್ಟೆ, ಒಂದು ನೋಟ್‌ಬುಕ್. ಇದರ ಜೊತೆ ಇನ್ನೊಂದನ್ನು ಖಂಡಿತ ಮಾಡಿಕೊಳ್ಳಿ: ಈ ವ್ಯವಹಾರಕ್ಕೆಂದೇ ಬೇರೆ ಬ್ಯಾಂಕ್ ಖಾತೆ, ಅದರಲ್ಲಿ ಸಾವಿರ ರೂಪಾಯಿಗಿಂತ ಹೆಚ್ಚು ಇಡಬೇಡಿ. ಯುಪಿಐಗೆ ಅದನ್ನೇ ಜೋಡಿಸಿ. ಕೈತಪ್ಪಿದರೂ ಹೋಗುವುದು ಅಷ್ಟೇ.

1. ಏನು ಮಾರಬೇಕು, ಯಾವುದನ್ನು ಮುಟ್ಟಬಾರದು

ಒಂದು ಭಾನುವಾರ ಅಟ್ಟ, ಬೀರು, ಮಂಚದ ಕೆಳಗಿನದ್ದನ್ನೆಲ್ಲ ಹೊರಗೆ ತೆಗೆಯಿರಿ. ಒಂದು ವರ್ಷದಿಂದ ಕೈ ಹಚ್ಚದ ಪ್ರತಿ ವಸ್ತುವನ್ನೂ ನೋಟ್‌ಬುಕ್‌ನಲ್ಲಿ ಬರೆಯಿರಿ. ಬೇಗ ಹೋಗುವ ಸಾಮಾನೆಂದರೆ ಮಕ್ಕಳ ಸೈಕಲ್, ತೊಟ್ಟಿಲು, ಓದುವ ಟೇಬಲ್, ಕಚೇರಿ ಕುರ್ಚಿ, ವಾಷಿಂಗ್ ಮೆಷಿನ್, ಫ್ರಿಜ್, ಕೆಲಸ ಮಾಡುವ ಫೋನು, ವೆಟ್ ಗ್ರೈಂಡರ್. ಮೈಸೂರು ಸಿಲ್ಕ್ ಸೀರೆಗೂ ಒಳ್ಳೆ ಗಿರಾಕಿ ಇದೆ. ಕೆಎಸ್‌ಐಸಿ, ಅಂದರೆ ಸರ್ಕಾರಿ ರೇಷ್ಮೆ ನಿಗಮದ ಸೀರೆಗಳ ಮೇಲೆ ಕೋಡ್ ಸಂಖ್ಯೆ ಇರುತ್ತದೆ. ಅದರ ಫೋಟೋ ಮತ್ತು ಬಿಲ್ಲು ಇದ್ದರೆ "ಇದು ಅಸಲಿಯಾ?" ಎಂಬ ಪ್ರಶ್ನೆಯೇ ಬರುವುದಿಲ್ಲ.

ಹಾಸಿಗೆ, ಬಳಸಿದ ಹೆಲ್ಮೆಟ್, ನಿತ್ಯ ಉಟ್ಟ ಬಟ್ಟೆ ಬಹುತೇಕ ಹೋಗುವುದಿಲ್ಲ, ಅವುಗಳ ಹಿಂದೆ ಬೀಳಬೇಡಿ. ಪಠ್ಯಪುಸ್ತಕಕ್ಕೆ ಆಯುಸ್ಸು ಕಡಿಮೆ. 3 ಮತ್ತು 6ನೇ ತರಗತಿಯ ಎನ್‌ಸಿಇಆರ್‌ಟಿ ಪುಸ್ತಕಗಳು 2024ರಲ್ಲಿ ಬದಲಾದವು, ಮರುವರ್ಷ ಇನ್ನಷ್ಟು ತರಗತಿಗಳದ್ದು ಬದಲಾಯಿತು. ಹಳೆಯ ಆವೃತ್ತಿಯನ್ನು ಯಾರೂ ಕೇಳುವುದಿಲ್ಲ. ಸಿಇಟಿ, ನೀಟ್ ಪುಸ್ತಕಗಳನ್ನು ಪರೀಕ್ಷೆ ಮುಗಿದ ತಿಂಗಳೊಳಗೇ ಹಾಕಿಬಿಡಿ.

ಮುಟ್ಟಲೇಬಾರದ ವಸ್ತುಗಳೂ ಇವೆ, ಇದನ್ನು ನಿಧಾನವಾಗಿ ಓದಿ. ಅಡುಗೆ ಅನಿಲದ ಸಿಲಿಂಡರ್ ನಿಮ್ಮದಲ್ಲ, ಗ್ಯಾಸ್ ಕಂಪನಿಯದ್ದು. ಬೇಡವಾದರೆ ಏಜೆನ್ಸಿಗೆ ಒಪ್ಪಿಸಿ ಠೇವಣಿ ವಾಪಸ್ ಪಡೆಯಬೇಕು. ಉಳಿದ ಔಷಧಿ ಮಾರುವಂತಿಲ್ಲ. ಅಜ್ಜನ ಕಾಲದ ಜಿಂಕೆ ಕೊಂಬು, ಹುಲಿಯುಗುರು, ದಂತದ ವಸ್ತು ಮನೆಯಲ್ಲಿದ್ದರೆ ಫೋಟೋ ಹಾಕುವುದೇ ಅಪಾಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅವುಗಳಿಗೆ ಅನ್ವಯವಾಗುತ್ತದೆ. 2023ರ ಅಕ್ಟೋಬರ್‌ನಲ್ಲಿ ಹುಲಿಯುಗುರಿನ ಪದಕದ ವಿಷಯ ನಮ್ಮ ರಾಜ್ಯದಲ್ಲಿ ಎಷ್ಟು ದೊಡ್ಡದಾಯಿತು ಎಂಬುದು ನಿಮಗೆ ನೆನಪಿರಬಹುದು. ನೂರು ವರ್ಷ ದಾಟಿದ ವಿಗ್ರಹ, ಎಪ್ಪತ್ತೈದು ವರ್ಷ ದಾಟಿದ ತಾಳೆಗರಿಯಂಥ ಹಸ್ತಪ್ರತಿ ಕಾನೂನಿನ ಪ್ರಕಾರ ಪುರಾತನ ವಸ್ತು ಎನಿಸಿಕೊಳ್ಳಬಹುದು. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು.

ಬೈಕು, ಕಾರುಗಳಿಂದ ಶುರುಮಾಡಬೇಡಿ. ಆರ್‌ಸಿ ಪುಸ್ತಕದಲ್ಲಿ ಹೆಸರು ಬದಲಾಗುವವರೆಗೆ ದಾಖಲೆಯ ಪ್ರಕಾರ ಮಾಲೀಕರು ನೀವೇ. ಗಾಡಿ ಅಪಘಾತ ಮಾಡಿದರೆ ನೋಟಿಸು ನಿಮ್ಮ ಮನೆಗೆ ಬರುತ್ತದೆ. ಮಾರಲೇಬೇಕಾಗಿ ಬಂದರೆ ಮಾಲೀಕತ್ವ ವರ್ಗಾವಣೆಯ ಫಾರ್ಮ್ 29 ಮತ್ತು 30ಕ್ಕೆ ಸಹಿ ಆಗಿ, ವರ್ಗಾವಣೆ ಅರ್ಜಿ ಸಲ್ಲಿಕೆಯಾಗುವವರೆಗೆ ಕೀ ಕೊಡಬೇಡಿ.

2. ಒರೆಸಿ, ಓಡಿಸಿ ನೋಡಿ, ನಿಮ್ಮ ಗುರುತು ಅಳಿಸಿ

ಧೂಳು ಹೊಡೆದ ಮಿಕ್ಸಿಗೂ ಒರೆಸಿದ ಮಿಕ್ಸಿಗೂ ಬೆಲೆಯಲ್ಲಿ ವ್ಯತ್ಯಾಸವಿದೆ. ಕುಕ್ಕರ್‌ಗೆ ಹೊಸ ಗ್ಯಾಸ್ಕೆಟ್, ಸೈಕಲ್‌ಗೆ ಗಾಳಿ ಮತ್ತು ಎಣ್ಣೆ, ಗಡಿಯಾರಕ್ಕೆ ಸೆಲ್, ಇಷ್ಟು ಖರ್ಚು ಮಾಡಿ. ದೊಡ್ಡ ರಿಪೇರಿಗೆ ಹೋಗಬೇಡಿ, ಹಾಕಿದ ದುಡ್ಡು ಹಿಂದಕ್ಕೆ ಬರುವುದಿಲ್ಲ. ವಿದ್ಯುತ್ ಉಪಕರಣವಾದರೆ ಓಡುತ್ತಿರುವಾಗ ಅರ್ಧ ನಿಮಿಷದ ವಿಡಿಯೋ ಮಾಡಿಟ್ಟುಕೊಳ್ಳಿ.

ಫೋನು ಮಾರುವವರು ಸಾಮಾನ್ಯವಾಗಿ ಎಡವುವುದು ಒಂದೇ ಕಡೆ. ಆಂಡ್ರಾಯ್ಡ್ ಫೋನನ್ನು ನೇರವಾಗಿ ರೀಸೆಟ್ ಮಾಡಿಬಿಡುತ್ತಾರೆ, ಅಂದರೆ ಒಳಗಿನದ್ದನ್ನೆಲ್ಲ ಅಳಿಸಿ ಹೊಸದರಂತೆ ಮಾಡುತ್ತಾರೆ. ಅದಕ್ಕೂ ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಗೂಗಲ್ ಖಾತೆಯನ್ನು ತೆಗೆಯದಿದ್ದರೆ, ಕೊಂಡವರು ಆನ್ ಮಾಡಿದಾಗ ಅದು ನಿಮ್ಮ ಹಳೆಯ ಪಾಸ್‌ವರ್ಡ್ ಕೇಳುತ್ತದೆ. ಇದನ್ನು ಎಫ್‌ಆರ್‌ಪಿ ಲಾಕ್ ಎನ್ನುತ್ತಾರೆ, ಕದ್ದ ಫೋನು ಯಾರಿಗೂ ಉಪಯೋಗಕ್ಕೆ ಬಾರದಿರಲಿ ಎಂದು ಇಟ್ಟ ಬೀಗ. ಐಫೋನಿನಲ್ಲಿ ಕಳೆದ ಫೋನು ಹುಡುಕುವ 'ಫೈಂಡ್ ಮೈ' ಸೌಲಭ್ಯವನ್ನು ಆಫ್ ಮಾಡಿ, ಆಪಲ್ ಖಾತೆಯಿಂದ ಹೊರಬಂದು, ಆಮೇಲೆ ಅಳಿಸಬೇಕು. ಕ್ರಮ ನೆನಪಿಡಿ: ವಾಟ್ಸ್‌ಆ್ಯಪ್ ಮತ್ತು ಫೋಟೋ ಬ್ಯಾಕಪ್, ಬ್ಯಾಂಕ್ ಹಾಗೂ ಯುಪಿಐ ಆ್ಯಪ್‌ಗಳಿಂದ ನಿರ್ಗಮನ, ಖಾತೆ ತೆಗೆಯುವುದು, ಸಿಮ್ ಮತ್ತು ಮೆಮೊರಿ ಕಾರ್ಡ್ ಹೊರಗೆ, ಕೊನೆಗೆ ರೀಸೆಟ್.

3. ಬೆಲೆ ಕಟ್ಟುವುದು

ಹೆಚ್ಚಿನವರು ಸೋಲುವ ಜಾಗ ಇದೇ. "ನಾನು ಇಪ್ಪತ್ತು ಸಾವಿರ ಕೊಟ್ಟಿದ್ದೆ" ಎಂಬ ಮಾತು ಕೊಳ್ಳುವವರಿಗೆ ಲೆಕ್ಕಕ್ಕಿಲ್ಲ. ಅದೇ ವಸ್ತು ಇವತ್ತು ಹೊಸದಾಗಿ ಎಷ್ಟಕ್ಕೆ ಸಿಗುತ್ತದೆ ಎಂದಷ್ಟೇ ಅವರು ನೋಡುತ್ತಾರೆ. ಹಾಗಾಗಿ ಮೊದಲು ಹೊಸದರ ಇವತ್ತಿನ ಬೆಲೆ ನೋಡಿ, ಹಬ್ಬದ ರಿಯಾಯಿತಿ ಕಳೆದು ನೋಡಿ.

ಆಮೇಲೆ ನಿಮ್ಮ ಊರಿನಲ್ಲಿ ಅದೇ ಮಾದರಿಯದ್ದನ್ನು ಬೇರೆಯವರು ಎಷ್ಟಕ್ಕೆ ಹಾಕಿದ್ದಾರೆ ನೋಡಿ, ಕನಿಷ್ಠ ಹತ್ತು ಜಾಹೀರಾತು. ಅವರು ಹಾಕಿರುವುದು ಕೇಳುವ ಬೆಲೆ, ಸಿಕ್ಕ ಬೆಲೆಯಲ್ಲ. ಎರಡು ತಿಂಗಳಿಂದ ಹಾಗೇ ಕೂತಿರುವ ಜಾಹೀರಾತಿನ ಬೆಲೆ ತಪ್ಪು ಬೆಲೆ ಎಂದೇ ತಿಳಿಯಿರಿ, ಅದನ್ನು ಲೆಕ್ಕದಿಂದ ಬಿಡಿ.

ನನ್ನ ಅಂದಾಜಿನ ಪ್ರಕಾರ, ಒಂದು ವರ್ಷ ಬಳಸಿದ, ಬಿಲ್ಲು ಇರುವ ಉಪಕರಣಕ್ಕೆ ಹೊಸ ಬೆಲೆಯ ನೂರಕ್ಕೆ ಐವತ್ತರಿಂದ ಅರವತ್ತು ಭಾಗ, ಮೂರು ವರ್ಷದ್ದಕ್ಕೆ ಮೂರನೇ ಒಂದು ಭಾಗ ಸಿಕ್ಕರೆ ಒಳ್ಳೆಯ ವ್ಯಾಪಾರ. ಪ್ಲೈವುಡ್ ಪೀಠೋಪಕರಣಕ್ಕೆ ಇನ್ನೂ ಕಡಿಮೆ. ತೇಗ, ಬೀಟೆ ಮರದ್ದಾದರೆ ಇಳಿಸಬೇಡಿ, ಅದರ ಗಿರಾಕಿ ಬೇರೆ, ಕಾಯಿರಿ. ತಾಮ್ರದ ಹಂಡೆ, ಹಿತ್ತಾಳೆ ಕೊಳಗ, ದೀಪದ ಕಂಬಗಳಿಗೆ ತೂಕದ ಬೆಲೆಯೇ ತಳ. ಮೊದಲು ಗುಜರಿ ಅಂಗಡಿಯಲ್ಲಿ ಕಿಲೋಗೆ ಎಷ್ಟು ಎಂದು ಕೇಳಿಕೊಂಡು, ತೂಕ ಹಾಕಿಸಿ, ಅದಕ್ಕಿಂತ ಮೇಲೆಯೇ ಇಡಿ. ಹಂಡೆಯನ್ನು ತೂಕಕ್ಕಿಂತ ಕಡಿಮೆಗೆ ಕೊಟ್ಟು ಆಮೇಲೆ ಪೇಚಾಡಿದವರನ್ನು ನೋಡಿದ್ದೇನೆ.

ಕೊನೆಗೆ ನೋಟ್‌ಬುಕ್‌ನಲ್ಲಿ ಎರಡು ಅಂಕಿ ಬರೆಯಿರಿ. ಒಂದು, ಹಾಕುವ ಬೆಲೆ. ಇನ್ನೊಂದು, ಇದಕ್ಕಿಂತ ಕೆಳಗೆ ಕೊಡುವುದಿಲ್ಲ ಎಂಬ ಬೆಲೆ. ಇವೆರಡರ ನಡುವೆ ನೂರಕ್ಕೆ ಹದಿನೈದರಷ್ಟು ಅಂತರವಿರಲಿ. ಚೌಕಾಸಿ ಇಲ್ಲದೆ ನಮ್ಮಲ್ಲಿ ಯಾರೂ ಕೊಳ್ಳುವುದಿಲ್ಲ, ಬಂದವರಿಗೆ ಸ್ವಲ್ಪ ಇಳಿಸಿದ ಸಮಾಧಾನ ಬೇಕು.

4. ಫೋಟೋ ಮತ್ತು ವಿವರಣೆ

ಬೆಳಗ್ಗೆ ಒಂಬತ್ತರ ಸುಮಾರಿಗೆ ಕಿಟಕಿಯ ಪಕ್ಕ ಅಥವಾ ಜಗಲಿಯಲ್ಲಿ ಇಟ್ಟು ತೆಗೆಯಿರಿ. ಹಿಂದೆ ಬರಿಗೋಡೆ ಇರಲಿ. ಎದುರು, ಪಕ್ಕ, ಹಿಂಭಾಗ, ಮಾದರಿ ಸಂಖ್ಯೆ ಇರುವ ಪಟ್ಟಿ, ಮತ್ತು ದೋಷವಿರುವ ಜಾಗ ಹತ್ತಿರದಿಂದ. ಆರು ಫೋಟೋ ಸಾಕು. ಅದರಲ್ಲಿ ಮಕ್ಕಳ ಮುಖ, ಮನೆಯ ನಂಬರು, ಗಾಡಿಯ ನಂಬರು ಬರಬಾರದು. ಬಿಲ್ಲಿನ ಫೋಟೋ ಹಾಕುವುದಾದರೆ ಹೆಸರು, ಫೋನ್ ಸಂಖ್ಯೆ ಮುಚ್ಚಿ.

ತಲೆಬರಹದಲ್ಲಿ ಕಂಪನಿ, ಮಾದರಿ, ಗಾತ್ರ, ವರ್ಷ ಇರಬೇಕು. ಜನ ಹುಡುಕುವುದು ಹೆಚ್ಚಾಗಿ ಇಂಗ್ಲಿಷ್ ಅಕ್ಷರದಲ್ಲಿ, ಆದ್ದರಿಂದ ತಲೆಬರಹ ಹಾಗೆ ಬರೆದು ವಿವರಣೆಯನ್ನು ಕನ್ನಡದಲ್ಲಿ ಬರೆಯಬಹುದು. ಒಂದು ಮಾದರಿ:

"7 ಕೆ.ಜಿ. ಟಾಪ್ ಲೋಡ್ ವಾಷಿಂಗ್ ಮೆಷಿನ್. 2022ರಲ್ಲಿ ಕೊಂಡದ್ದು, ಬಿಲ್ಲು ಇದೆ. ನಾಲ್ಕು ಜನರ ಮನೆಯಲ್ಲಿ ಬಳಕೆ. ಚೆನ್ನಾಗಿ ಓಡುತ್ತದೆ, ಬಂದು ಓಡಿಸಿ ನೋಡಬಹುದು. ಮುಚ್ಚಳದ ಎಡಮೂಲೆಯಲ್ಲಿ ಬಿರುಕು ಇದೆ, ಫೋಟೋ 5 ನೋಡಿ. ಊರು ಬಿಡುತ್ತಿರುವುದರಿಂದ ಮಾರಾಟ. ಎರಡನೇ ಮಹಡಿ, ಲಿಫ್ಟ್ ಇಲ್ಲ, ಸಾಗಣೆ ಕೊಳ್ಳುವವರದ್ದು."

ಬಿರುಕಿನ ಮಾತು ಬರೆದದ್ದನ್ನು ಗಮನಿಸಿ. ನನ್ನ ಮೊದಲ ಮಾರಾಟದಲ್ಲಿ ಮಿಕ್ಸಿಯ ಜಾರು ಸೋರುವುದನ್ನು ನಾನು ಬರೆದಿರಲಿಲ್ಲ. ಬಂದವರು ಬಾಗಿಲಲ್ಲೇ ನೀರು ಹಾಕಿ ನೋಡಿ, ಒಂದು ಮಾತೂ ಆಡದೆ ಹೋದರು. ಅಂದಿನಿಂದ ಕೊರತೆಯನ್ನೇ ಮೊದಲು ಬರೆಯುತ್ತೇನೆ. ಹಾಗೆ ಬರೆದಾಗ ಬರುವವರು ಕಡಿಮೆ, ಬಂದವರು ಮಾತ್ರ ಬರಿಗೈಯಲ್ಲಿ ಹೋಗುವುದಿಲ್ಲ. ಬಾಗಿಲಲ್ಲಿ ಬೆಲೆ ಮುರಿಯಲು ಅವರಿಗೆ ನೆಪವೂ ಉಳಿಯುವುದಿಲ್ಲ.

5. ಎಲ್ಲಿ ಹಾಕುವುದು

ದೊಡ್ಡ ಸಾಮಾನಿಗೆ ಓಎಲ್‌ಎಕ್ಸ್ ಮತ್ತು ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್ ಎರಡರಲ್ಲೂ ಹಾಕಿ. ಎರಡೂ ಕಡೆ ಹತ್ತಿರದವರಿಗೆ ಮೊದಲು ಕಾಣುತ್ತದೆ. ಅಪಾರ್ಟ್‌ಮೆಂಟ್ ಅಥವಾ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿದ್ದರೆ ಅಲ್ಲಿಂದಲೇ ಶುರುಮಾಡಿ, ಮುಖಪರಿಚಯ ಇರುವಲ್ಲಿ ಮೋಸ ಕಡಿಮೆ. ಫೋನನ್ನು ಕ್ಯಾಶಿಫೈನಂಥ ಕಂಪನಿಗಳು ನೇರವಾಗಿ ಕೊಳ್ಳುತ್ತವೆ. ನೀವೇ ಮಾರಿದಾಗ ಸಿಗುವುದಕ್ಕಿಂತ ಬೆಲೆ ಕಡಿಮೆ, ತಲೆನೋವೂ ಕಡಿಮೆ. ಅವರು ಹೇಳುವ ಬೆಲೆಯನ್ನು ನಿಮ್ಮ ತಳದ ಬೆಲೆ ಮಾಡಿಕೊಳ್ಳಿ. ಸೀರೆ, ಒಡವೆಯಂಥ ಚಂದದ ವಸ್ತುಗಳಿಗೆ ಇನ್‌ಸ್ಟಾಗ್ರಾಂ ಸರಿ, ಆದರೆ ಅಲ್ಲಿ ನಂಬಿಕೆ ಬೆಳೆಯಲು ತಿಂಗಳುಗಳು ಬೇಕು.

ಹೊತ್ತು ನೋಡಿ ಹಾಕಿ. ಏಪ್ರಿಲ್‌ನಿಂದ ಜೂನ್‌ವರೆಗೆ ವರ್ಗಾವಣೆ, ಮನೆ ಬದಲಾವಣೆ, ಶಾಲೆ ಶುರು, ಹಾಗಾಗಿ ಟೇಬಲ್, ಮಂಚ, ಪುಸ್ತಕಗಳಿಗೆ ಅದೇ ಕಾಲ. ದೀಪಾವಳಿಗೆ ಮುಂಚೆ ಜನ ಹೊಸದನ್ನು ಕೊಳ್ಳುವ ಮನಸ್ಸಿನಲ್ಲಿರುತ್ತಾರೆ, ಆಗ ಹಳೇ ಟಿವಿ ಹಾಕಿದರೆ ಯಾರೂ ತಿರುಗಿ ನೋಡುವುದಿಲ್ಲ.

6. ಮಾತುಕತೆ

"ಇದೆಯಾ?" "ಲಾಸ್ಟ್ ಎಷ್ಟು?" ಎಂಬ ಸಂದೇಶಗಳು ರಾಶಿ ಬೀಳುತ್ತವೆ. ಬೇಜಾರಾಗಬೇಡಿ. "ಇದೆ ಸಾರ್. ಬಂದು ನೋಡಿ, ಇಷ್ಟವಾದರೆ ಬೆಲೆ ಎದುರಲ್ಲೇ ಮಾತಾಡೋಣ" ಎಂದು ಒಂದೇ ಉತ್ತರ ಕೊಡಿ. ನೋಡದೆಯೇ ಅರ್ಧ ಬೆಲೆಗೆ ಕೇಳುವವರು ಬಂದು ನೋಡಿದ ಮೇಲೆ ಇನ್ನೂ ಇಳಿಸುತ್ತಾರೆ. ನಿಜವಾಗಿ ಕೊಳ್ಳುವವರು ಅಳತೆ ಕೇಳುತ್ತಾರೆ, ಯಾವ ಬಡಾವಣೆ ಎಂದು ಕೇಳುತ್ತಾರೆ, ಯಾವಾಗ ಬರಲಿ ಎನ್ನುತ್ತಾರೆ. "ನಾಳೆ ತಗೋತೀನಿ, ಯಾರಿಗೂ ಕೊಡಬೇಡಿ" ಎನ್ನುವವರಿಗೆ ವಿನಯದಿಂದ ಹೇಳಿ: ಮೊದಲು ಬಂದವರಿಗೆ ಕೊಡುತ್ತೇನೆ.

7. ಹಣ ಪಡೆಯುವುದು: ಇಲ್ಲಿ ಆತುರ ಬೇಡವೇ ಬೇಡ

ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ. ಪಿನ್ ಒತ್ತುವುದು ಹಣ ಕೊಡುವುದಕ್ಕೆ, ಬ್ಯಾಲೆನ್ಸ್ ನೋಡುವುದಕ್ಕೆ. ಕ್ಯೂಆರ್, ಅಂದರೆ ಆ ಚೌಕದ ಚಿತ್ರವನ್ನು, ಸ್ಕ್ಯಾನ್ ಮಾಡುವವರು ಹಣ ಕೊಡುವವರೇ ಹೊರತು ಪಡೆಯುವವರಲ್ಲ. ಈ ಎರಡು ವಾಕ್ಯ ಮನೆಯವರಿಗೆಲ್ಲ ಬಾಯಿಪಾಠ ಆಗಲಿ. ಒಬ್ಬ ವ್ಯಕ್ತಿ ಇನ್ನೊಬ್ಬರಿಗೆ ಯುಪಿಐಯಲ್ಲಿ "ಹಣ ಕೊಡಿ" ಎಂದು ಕಳಿಸುತ್ತಿದ್ದ ಕಲೆಕ್ಟ್ ರಿಕ್ವೆಸ್ಟ್ ಸೌಲಭ್ಯವನ್ನು ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿತು. ಕ್ಯೂಆರ್ ಕಳಿಸುವ ಮೋಸಕ್ಕೆ ಅದರಿಂದ ತಡೆಯಿಲ್ಲ.

ಮೋಸದ ದಾರಿಗಳು ಹೆಚ್ಚುಕಡಿಮೆ ಇವೇ.

ಸೈನಿಕನ ವೇಷ: "ನಾನು ಸೇನೆಯಲ್ಲಿದ್ದೇನೆ, ಈಗ ವರ್ಗವಾಗಿದೆ, ಸಾಮಾನನ್ನು ನಮ್ಮ ಗಾಡಿ ಬಂದು ಒಯ್ಯುತ್ತದೆ" ಎಂದು ಗುರುತಿನ ಚೀಟಿಯ ಫೋಟೋ ಕಳಿಸುತ್ತಾರೆ. ಬೆಲೆ ಚೌಕಾಸಿಯೇ ಮಾಡುವುದಿಲ್ಲ. ನೋಡದೆ ಪೂರ್ತಿ ಬೆಲೆ ಒಪ್ಪಿದವರ ಮೇಲೆ ಅಲ್ಲೇ ಅನುಮಾನ ಬರಲಿ. ಮುಂದಿನ ಹೆಜ್ಜೆ, "ಈ ಕ್ಯೂಆರ್ ಸ್ಕ್ಯಾನ್ ಮಾಡಿ, ದುಡ್ಡು ಬರುತ್ತೆ."

ಸುಳ್ಳು ರಸೀದಿ: ಹಣ ಕಳಿಸಿದ ಹಾಗೆ ಕಾಣುವ ಸ್ಕ್ರೀನ್‌ಶಾಟ್ ತೋರಿಸುತ್ತಾರೆ, ಬ್ಯಾಂಕಿನಿಂದ ಬಂದಂಥ ಸಂದೇಶವನ್ನೂ ಕಳಿಸುತ್ತಾರೆ. ನಿಮ್ಮ ಬ್ಯಾಂಕಿನ ಆ್ಯಪ್ ತೆರೆದು ಬ್ಯಾಲೆನ್ಸ್ ನೋಡುವವರೆಗೆ ವಸ್ತು ಹೊಸ್ತಿಲು ದಾಟಬಾರದು.

ಹೆಚ್ಚು ಕಳಿಸಿದ ನಾಟಕ: "ಎರಡು ಸಾವಿರದ ಬದಲು ಇಪ್ಪತ್ತು ಸಾವಿರ ಹೋಗಿಬಿಟ್ಟಿದೆ, ಉಳಿದದ್ದು ವಾಪಸ್ ಹಾಕಿ." ಹೆಚ್ಚಿನ ಸಲ ಏನೂ ಬಂದಿರುವುದಿಲ್ಲ. ನಿಜವಾಗಿಯೂ ಬಂದಿದ್ದರೂ ನೀವಾಗಿ ಕಳಿಸಬೇಡಿ, ಬ್ಯಾಂಕಿಗೆ ತಿಳಿಸಿ. ಅದು ಬೇರೆ ಯಾರಿಂದಲೋ ಕದ್ದ ಹಣವಾಗಿದ್ದರೆ ತನಿಖೆಯಲ್ಲಿ ನಿಮ್ಮ ಖಾತೆಯೇ ಸ್ತಂಭನವಾಗಬಹುದು. ಅದಕ್ಕೇ ಹಣ ಕಳಿಸುವವರ ಹೆಸರೂ ಎದುರು ನಿಂತವರ ಹೆಸರೂ ಒಂದೇ ಇದೆಯೇ ನೋಡಿ, ಮಾತುಕತೆಯ ಸಂದೇಶಗಳನ್ನು ಅಳಿಸಬೇಡಿ.

ಲಿಂಕು ಮತ್ತು ಎಪಿಕೆ: "ಡೆಲಿವರಿಗೆ ಇದನ್ನು ತುಂಬಿ" ಎಂದು ಲಿಂಕು ಅಥವಾ ಕಡತ ಬರುತ್ತದೆ. ಎಪಿಕೆ ಎಂದರೆ ಪ್ಲೇ ಸ್ಟೋರ್ ದಾಟಿ ಹೊರಗಿನಿಂದ ಬರುವ ಆ್ಯಪ್ ಕಡತ. ತೆರೆಯಬೇಡಿ. ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಕೊಳ್ಳಿ ಎಂದರೆ ಕರೆಯನ್ನು ಅಲ್ಲೇ ಮುಗಿಸಿ.

ಹಣ ಹೋಗಿಯೇಬಿಟ್ಟಿದ್ದರೆ ನಾಚಿಕೊಂಡು ಸುಮ್ಮನಿರಬೇಡಿ. ತಕ್ಷಣ 1930ಕ್ಕೆ ಕರೆ ಮಾಡಿ, ಅದು ಸೈಬರ್ ಹಣಕಾಸು ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಬೇಗ ತಿಳಿಸಿದಷ್ಟೂ ಹಣವನ್ನು ಮುಂದಿನ ಖಾತೆಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು. ಬ್ಯಾಂಕಿಗೂ ಹೇಳಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರನ್ನೂ ದಾಖಲಿಸಿ.

8. ಕೈಗೆ ಕೊಡುವುದು, ಕಳಿಸುವುದು

ಚಿಕ್ಕ ವಸ್ತುವಾದರೆ ಮೆಟ್ರೋ ನಿಲ್ದಾಣದ ಬಾಗಿಲು, ಬ್ಯಾಂಕಿನ ಎದುರು, ಜನ ಓಡಾಡುವ ಹೋಟೆಲು, ಹಗಲು ಹೊತ್ತು. ದೊಡ್ಡ ಸಾಮಾನಿಗೆ ಮನೆಗೇ ಬರಬೇಕಾಗುತ್ತದೆ. ಮೊದಲು ಹತ್ತಿರದ ಗುರುತು ಮಾತ್ರ ಹೇಳಿ, ಅಲ್ಲಿಗೆ ಬಂದ ಮೇಲೆ ಮನೆ ತಿಳಿಸಿ. ಒಬ್ಬರೇ ಇದ್ದಾಗ ಕರೆಯಬೇಡಿ. ಹೆಣ್ಣುಮಕ್ಕಳು ಒಬ್ಬರೇ ಇರುವ ಮನೆಯಾದರೆ ಸಾಮಾನನ್ನು ಮೊದಲೇ ಗೇಟಿನ ಬಳಿ, ಪಾರ್ಕಿಂಗ್‌ನಲ್ಲಿ ಇಳಿಸಿಟ್ಟು, ಪಕ್ಕದ ಮನೆಯವರಿಗೆ ಹೇಳಿರಿ.

ಫೋನು, ಲ್ಯಾಪ್‌ಟಾಪ್ ಕೊಡುವಾಗ ಬಿಳಿ ಹಾಳೆಯಲ್ಲಿ ಒಂದು ಚೀಟಿ ಬರೆಯಿರಿ: ದಿನಾಂಕ, ವಸ್ತು, ಫೋನಾದರೆ ಐಎಂಇಐ ಸಂಖ್ಯೆ, ಲ್ಯಾಪ್‌ಟಾಪ್ ಆದರೆ ಸೀರಿಯಲ್ ಸಂಖ್ಯೆ, ಬೆಲೆ, ಇಬ್ಬರ ಸಹಿ. ಐಎಂಇಐ ಎಂದರೆ ಪ್ರತಿ ಫೋನಿಗೂ ಇರುವ 15 ಅಂಕಿಯ ಗುರುತು, *#06# ಒತ್ತಿದರೆ ಕಾಣುತ್ತದೆ. ನಾಳೆ ಆ ಫೋನು ಯಾವುದಾದರೂ ಪ್ರಕರಣದಲ್ಲಿ ಸಿಕ್ಕಿಬಿದ್ದರೆ ಆ ಚೀಟಿ ನಿಮ್ಮನ್ನು ಕಾಯುತ್ತದೆ.

ಸಾಗಣೆಗೆ ಪೋರ್ಟರ್‌ನಂಥ ಆ್ಯಪ್ ಅಥವಾ ಪರಿಚಯದ ಲಗೇಜ್ ಆಟೋ, ಖರ್ಚು ಯಾರದ್ದೆಂದು ಮೊದಲೇ ಮಾತಾಡಿ. ಪುಸ್ತಕಕ್ಕೆ ಅಂಚೆ ಇಲಾಖೆ 2025ರ ಮೇ 1ರಿಂದ 'ಜ್ಞಾನ್ ಪೋಸ್ಟ್' ಶುರುಮಾಡಿದೆ. 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ ಎಂದು ದರ ನಿಗದಿಯಾಗಿತ್ತು, ತೆರಿಗೆ ಬೇರೆ. ಕಳಿಸುವ ಮುನ್ನ ಅಂಚೆ ಕಚೇರಿಯಲ್ಲಿ ಒಮ್ಮೆ ಕೇಳಿಕೊಳ್ಳಿ. ದೂರದವರಿಗೆ ಕಳಿಸುವುದಾದರೆ ಹಣ ಪೂರ್ತಿ ಬಂದ ಮೇಲೆ ಕಳಿಸಿ, ಕಟ್ಟುವಾಗ ವಿಡಿಯೋ ಮಾಡಿ.

9. ಕೊಂಡು ಮಾರುವುದು

ಮನೆಯ ಹತ್ತು ವಸ್ತು ಮಾರಿದ ಮೇಲೆ ಯಾವುದು ನಿಮ್ಮ ಕೈಗೆ ಹತ್ತುತ್ತದೆ ಎಂದು ಗೊತ್ತಾಗುತ್ತದೆ. ಒಂದೇ ಬಗೆ ಹಿಡಿಯಿರಿ: ಮಕ್ಕಳ ಸೈಕಲ್ ಮಾತ್ರ, ಅಥವಾ ಮರದ ಸಾಮಾನು ಮಾತ್ರ. ಊರು ಬಿಡುವವರು ವಾರದ ಕೊನೆಯಲ್ಲಿ ಅಗ್ಗವಾಗಿ ಕೊಡುತ್ತಾರೆ. ಗುಜರಿ ಅಂಗಡಿಯಲ್ಲಿ ಒಳ್ಳೆ ಕುರ್ಚಿ ಸಿಗುತ್ತದೆ. ಬೆಂಗಳೂರಿನವರಿಗೆ ಚಿಕ್ಕಪೇಟೆ ಆಸುಪಾಸಿನ ಸಂಡೇ ಬಜಾರ್ ಗೊತ್ತೇ ಇದೆ, ಹಳೇ ಪುಸ್ತಕಕ್ಕೆ ಅವೆನ್ಯೂ ರಸ್ತೆ ಇದೆ.

ಲೆಕ್ಕ ಹೀಗಿಡಿ. ಓದುವ ಟೇಬಲ್ ಕೊಂಡದ್ದು 700, ಆಟೋ 150, ವಾರ್ನಿಷ್ 120, ಒಟ್ಟು 970. ಮಾರಿದ್ದು 1,600. ಉಳಿದದ್ದು 630. ಪಕ್ಕದಲ್ಲಿ ಎಷ್ಟು ಗಂಟೆ ಹಿಡಿಯಿತು ಎಂದೂ ಬರೆಯಿರಿ. ಆರು ಗಂಟೆ ಹಿಡಿದಿದ್ದರೆ ಗಂಟೆಗೆ 105 ರೂಪಾಯಿ. ಅಷ್ಟಕ್ಕೆ ಆ ದುಡಿಮೆ ಬೇಕೋ ಬೇಡವೋ ನೀವೇ ತೀರ್ಮಾನಿಸಬಹುದು. ಈ ಕಾಲಂ ಇಲ್ಲದ ಲೆಕ್ಕ ಯಾವಾಗಲೂ ಲಾಭವನ್ನೇ ತೋರಿಸುತ್ತದೆ.

ಬಿಲ್ಲಿಲ್ಲದ ಫೋನು ಎಷ್ಟೇ ಅಗ್ಗಕ್ಕೆ ಬಂದರೂ ಕೊಳ್ಳಬೇಡಿ. ಕದ್ದ ಮಾಲೆಂದು ತಿಳಿದೋ, ಹಾಗೆಂದು ಅನುಮಾನ ಪಡಲು ಕಾರಣವಿದ್ದೂ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯಡಿ ಅಪರಾಧ. 'KYM' ಎಂದು ಇಂಗ್ಲಿಷ್‌ನಲ್ಲಿ ಬರೆದು, ಜಾಗ ಬಿಟ್ಟು, ಐಎಂಇಐ ಸೇರಿಸಿ 14422ಕ್ಕೆ ಸಂದೇಶ ಕಳಿಸಿದರೆ ಆ ಫೋನಿನ ಸ್ಥಿತಿ ತಿಳಿಯುತ್ತದೆ. ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಆ್ಯಪ್‌ನಲ್ಲೂ ನೋಡಬಹುದು.

ತೆರಿಗೆಯ ಬಗ್ಗೆ ಎರಡು ಮಾತು. ನೀವು ಬಳಸಿದ ಮನೆಬಳಕೆಯ ವಸ್ತುವನ್ನು ಮಾರಿದರೆ ಬಂಡವಾಳ ಲಾಭದ ತೆರಿಗೆ ಇಲ್ಲ. ಒಡವೆ, ಚಿತ್ರ, ಶಿಲ್ಪದಂಥ ಕಲಾವಸ್ತುಗಳಿಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ. ಲಾಭಕ್ಕೆಂದು ಕೊಂಡು ಮಾರಲು ಶುರುಮಾಡಿದ ಮೇಲೆ ಅದು ವ್ಯಾಪಾರ, ಆದಾಯವನ್ನು ರಿಟರ್ನ್ಸ್‌ನಲ್ಲಿ ತೋರಿಸಬೇಕು. ರಾಜ್ಯದೊಳಗೇ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಹೊರರಾಜ್ಯಕ್ಕೆ ಮಾರುವುದಕ್ಕೆ ನಿಯಮ ಬೇರೆ, ಆ ಹೆಜ್ಜೆಗೆ ಮುಂಚೆ ಲೆಕ್ಕಪರಿಶೋಧಕರನ್ನು ಕೇಳಿ.

10. ಹೋಗದೆ ಉಳಿದದ್ದು

ಹತ್ತು ದಿನ ಯಾರೂ ಕೇಳದಿದ್ದರೆ ಮೊದಲ ಫೋಟೋ ಬದಲಿಸಿ. ಇನ್ನೂ ಹತ್ತು ದಿನ ಹಾಗೇ ಇದ್ದರೆ ಬೆಲೆಯಲ್ಲಿ ನೂರಕ್ಕೆ ಹತ್ತು ಇಳಿಸಿ. ಎರಡು ತಿಂಗಳಾದ ಮೇಲೆ ಜಾಹೀರಾತು ತೆಗೆದುಬಿಡಿ. ಬಟ್ಟೆ, ಪುಸ್ತಕ, ಆಟಿಕೆಗಳನ್ನು ಬೇಕಾದವರಿಗೆ ಕೊಡಿ, ಕಬ್ಬಿಣ, ಹಿತ್ತಾಳೆ ಗುಜರಿಗೆ ಹೋಗಲಿ. ಬ್ಯಾಟರಿ ಉಬ್ಬಿದ ಫೋನನ್ನು ಮಾತ್ರ ಮಾರಲೂ ಬೇಡಿ, ಕೊರಿಯರ್‌ಗೆ ಹಾಕಲೂ ಬೇಡಿ, ಕಸದ ಬುಟ್ಟಿಗೂ ಬೇಡ. ಅದು ಹೊತ್ತಿಕೊಳ್ಳಬಹುದು. ಚಾರ್ಜ್ ಮಾಡದೆ, ಚುಚ್ಚದೆ, ಬೆಂಕಿ ತಗುಲುವ ವಸ್ತುಗಳಿಂದ ದೂರ ಇಟ್ಟು, ಇ-ತ್ಯಾಜ್ಯ ಸಂಗ್ರಹಿಸುವವರ ಕೈಗೆ ಬ್ಯಾಟರಿ ಉಬ್ಬಿದೆ ಎಂದು ಹೇಳಿಯೇ ಕೊಡಿ.